ಹುವಾ ಹಿನ್‌ನಲ್ಲಿ ನಿವೃತ್ತರು: ಹನ್ನೊಂದರಿಂದ ನಾಲ್ಕರವರೆಗೆ ನೀವು ಏನು ಮಾಡುತ್ತೀರಿ?

ಮುಂಜಾವಿನ ನಡಿಗೆ

ನಾನೂ ನನ್ನ ಹೆಂಡತಿಯೂ ಥಾಯ್ಲೆಂಡಿನ ಹುವಾ ಹಿನ್‌ಗೆ ಬಂದು ನೆಲೆಸಿ ಹದಿನಾಲ್ಕು ತಿಂಗಳಾಯಿತು. ನನಗೆ 63 ವರ್ಷ. ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿದವನು. ಸೈರನ್ ಕೂಗಿದರೆ ಊಟ, ಸೈರನ್ ಕೂಗಿದರೆ ಚಹಾ.

ಇಲ್ಲಿನ ಬೆಳಗಿನ ಬಗ್ಗೆ ನನಗೆ ಯಾವ ದೂರೂ ಇಲ್ಲ. ಐದೂವರೆಗೆ ಎದ್ದು ಆರಕ್ಕೆಲ್ಲ ಮರಳಿನ ಮೇಲಿರುತ್ತೇನೆ. ಈ ಕಡಲು ಪೂರ್ವಕ್ಕೆ ಮುಖ ಮಾಡಿದೆ, ಸೂರ್ಯ ನೀರಿನಿಂದಲೇ ಎದ್ದು ಬರುತ್ತಾನೆ. ನನ್ನ ಹೆಂಡತಿ ನಮ್ಮ ಪಶ್ಚಿಮ ಕರಾವಳಿಯವಳು. ಸೂರ್ಯ ಕಡಲಲ್ಲಿ ಮುಳುಗುವುದನ್ನೇ ಕಂಡು ಬೆಳೆದ ಅವಳಿಗೆ ಮೊದಲ ತಿಂಗಳು ಇದು ಒಗ್ಗಲೇ ಇಲ್ಲ. ಹಿಂದಿರುಗುವಾಗ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಭಿಕ್ಷೆಗೆ ಬರುತ್ತಿರುತ್ತಾರೆ, ನಿಂತು ಕೈಮುಗಿಯುತ್ತೇನೆ. ಎಂಟಕ್ಕೆ ಮನೆ, ತಿಂಡಿ, ಒಂಬತ್ತರ ನಂತರ ಸಂತೆ. ಸಂಜೆ ನಾಲ್ಕರ ಮೇಲೂ ಹೊತ್ತು ಸರಾಗವಾಗಿ ಹೋಗುತ್ತದೆ.

ತೊಂದರೆಯೆಲ್ಲ ನಡುವಿನ ಐದು ಗಂಟೆಯದು. ಹನ್ನೊಂದಕ್ಕೆ ಬಾಗಿಲು ಹಾಕಿಕೊಂಡರೆ ನಾಲ್ಕರವರೆಗೆ ಹೊರಗೆ ಕಾಲಿಡಲಾಗುವುದಿಲ್ಲ. ಟಿ.ವಿ., ಮೊಬೈಲ್, ನಿದ್ದೆ, ಮತ್ತೆ ಮೊಬೈಲ್. ಊರಿನಿಂದ ತಂದ ಪುಸ್ತಕಗಳನ್ನು ಎರಡು ಸಲ ಓದಿ ಮುಗಿಸಿದೆ. ಈ ಐದು ಗಂಟೆ ನನ್ನನ್ನು ಒಳಗಿನಿಂದ ತಿನ್ನುತ್ತಿದೆ. ಬಂದದ್ದೇ ತಪ್ಪಾಯಿತೇನೋ ಎಂಬ ಯೋಚನೆ ಬರುವುದೂ ಆ ಹೊತ್ತಿನಲ್ಲೇ. ಕಡಲೂರುಗಳಲ್ಲಿ ನೆಲೆಸಿರುವ ಹಿರಿಯರು ದಯವಿಟ್ಟು ಹೇಳಿ, ಆ ಹೊತ್ತನ್ನು ನೀವು ಹೇಗೆ ಕಳೆಯುತ್ತೀರಿ?

ಬಿಸಿಲುಗುದುರೆ

ಮಲಗಿ ಸರ್. ಮೂವತ್ತನಾಲ್ಕು ವರ್ಷದ ರಾತ್ರಿಪಾಳಿಯ ನಿದ್ದೆ ಬಾಕಿ ಇರುತ್ತದೆ.

ಮುಂಜಾವಿನ ನಡಿಗೆ

ಅದನ್ನು ಮಾಡಿ ನೋಡಿದೆ. ಹಗಲು ಎರಡು ಗಂಟೆ ಮಲಗಿದರೆ ರಾತ್ರಿ ಎರಡಕ್ಕೆ ಎಚ್ಚರವಾಗಿ ಸೂರು ನೋಡುತ್ತಾ ಬಿದ್ದಿರುತ್ತೇನೆ.

ಹಳೆಯ ಲೆಕ್ಕಿಗ

ಮೊದಲು ಗಡಿಯಾರವನ್ನೇ ಸರಿಮಾಡಿಕೊಳ್ಳೋಣ. ಹುವಾ ಹಿನ್ ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಅಂದರೆ ನಮ್ಮ ಮೈಸೂರಿಗೂ ಮಂಗಳೂರಿಗೂ ನಡುವಿನ ಗೆರೆಯಲ್ಲಿ. ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12.20ಕ್ಕೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ, ನಡುಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆದ್ದರಿಂದ ನೀವು ಹತ್ತೂವರೆಗೇ ಒಳಗೆ ಸೇರಿದರೂ ತಪ್ಪಲ್ಲ, ಮೂರೂವರೆಗೆ ಹೊರಬಿದ್ದರೂ ತಪ್ಪಲ್ಲ. ಐದು ಗಂಟೆ ಐದು ಗಂಟೆಯೇ ಆಗಿ ಉಳಿಯುತ್ತದೆ, ಆದರೆ ಸಂಜೆ ಉದ್ದವಾಗುತ್ತದೆ.

ಅಲೆಮಾರಿ68

ನಾನು ಇದನ್ನು ಒಪ್ಪುವುದಿಲ್ಲ. ಬಿಸಿಲಿಗೆ ಇಷ್ಟು ಹೆದರುವುದಾದರೆ ಉಷ್ಣವಲಯಕ್ಕೆ ಏಕೆ ಬರಬೇಕು? ನನಗೆ 68. ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ ಹಾಕಿಕೊಂಡು ಹನ್ನೆರಡಕ್ಕೂ ನಡೆಯುತ್ತೇನೆ. ಸ್ಥಳೀಯರು ಕೆಲಸ ಮಾಡುವುದಿಲ್ಲವೇ? ಮನೆಯೊಳಗೆ ಎ.ಸಿ. ಹಾಕಿಕೊಂಡು ಕುಳಿತರೆ ಮೊದಲು ಮೊಣಕಾಲು ಕೈಕೊಡುತ್ತದೆ, ಆಮೇಲೆ ಮನಸ್ಸು.

ತೆಂಗಿನ ನೆರಳು

ಅಲೆಮಾರಿಯವರೇ, ನಿಮ್ಮ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ಎರಡು ವರ್ಷದ ಹಿಂದಿನ ಏಪ್ರಿಲ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ.

ನಮ್ಮ ಯಜಮಾನರು ಮಾತ್ರೆ ತರುತ್ತೇನೆಂದು ಹನ್ನೆರಡೂವರೆಗೆ ಹೊರಟರು. ಅಂಗಡಿ ಅರ್ಧ ಕಿಲೋಮೀಟರ್ ದೂರ ಕೂಡ ಇಲ್ಲ. ಟೋಪಿ ಇತ್ತು, ತುಂಬುತೋಳಿನ ಅಂಗಿಯೂ ಇತ್ತು. ಅವರು ತೆಗೆದುಕೊಳ್ಳುತ್ತಿದ್ದದ್ದು ಮೂತ್ರ ಹೆಚ್ಚಿಸುವ ಬಗೆಯ ರಕ್ತದೊತ್ತಡದ ಮಾತ್ರೆ. ಮೈಯಲ್ಲಿ ನೀರು ಕಡಿಮೆ ಇದ್ದದ್ದು ಅವರಿಗೇ ತಿಳಿದಿರಲಿಲ್ಲ. ವಯಸ್ಸಾದ ಮೇಲೆ ಬಾಯಾರಿಕೆಯೂ ತಡವಾಗಿಯೇ ಗೊತ್ತಾಗುತ್ತದೆ. ಬರುವ ದಾರಿಯಲ್ಲಿ ನೂಡಲ್ಸ್ ಗಾಡಿಯ ಕಂಬ ಹಿಡಿದು ನಿಂತರಂತೆ, ಹಾಗೆಯೇ ಕುಸಿದರು.

ಆ ಗಾಡಿಯವಳು ಒಂದು ಕ್ಷಣವೂ ತಡಮಾಡಲಿಲ್ಲ. ಮಂಜುಗಡ್ಡೆಯ ಪೆಟ್ಟಿಗೆಯೊಳಗೆ ಕೈ ಹಾಕಿ, ಹಿಡಿಹಿಡಿಯಾಗಿ ತೆಗೆದು, ಗಾಡಿ ಒರೆಸುವ ಬಟ್ಟೆಯಲ್ಲಿ ಸುತ್ತಿ ಇವರ ಕುತ್ತಿಗೆಗೆ, ಎರಡೂ ಕಂಕುಳಿಗೆ ಒತ್ತಿದಳು. ಅವಳ ಮಗ 1669ಕ್ಕೆ ಕರೆ ಮಾಡಿದ. ಆಂಬುಲೆನ್ಸ್ ಬರುವವರೆಗೆ ಅವಳು ಕೊಡೆ ಹಿಡಿದು ಮಂಡಿಯೂರಿ ಕುಳಿತಿದ್ದಳು, ಒಲೆಯ ಮೇಲೆ ಸಾರು ಉಕ್ಕಿ ಚೆಲ್ಲುತ್ತಿತ್ತು. ಮೂರು ದಿನ ಆಸ್ಪತ್ರೆ. ಮೂತ್ರಪಿಂಡಕ್ಕೆ ಪೆಟ್ಟಾಗಿರಲಿಲ್ಲ ಎಂಬುದೇ ಪುಣ್ಯ.

ಸ್ಥಳೀಯರು ಕೆಲಸ ಮಾಡುತ್ತಾರೆ, ನಿಜ. ಆದರೆ ಅವರನ್ನು ಗಮನಿಸಿ ನೋಡಿ, ಆ ಹೊತ್ತಿನಲ್ಲಿ ಪ್ರತಿಯೊಬ್ಬರೂ ಏನಾದರೊಂದರ ನೆರಳಿನಲ್ಲಿ ಇರುತ್ತಾರೆ.

ಅಲೆಮಾರಿ68

ಅಮ್ಮ, ಓದಿ ಬೇಸರವಾಯಿತು. ಯಜಮಾನರು ಈಗ ಚೆನ್ನಾಗಿದ್ದಾರೆ ಎಂದುಕೊಳ್ಳುತ್ತೇನೆ. ನಾನೂ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವನೇ, ಯಾವ ಬಗೆಯದೆಂದು ವೈದ್ಯರನ್ನು ಕೇಳುತ್ತೇನೆ. ಮನೆಯೊಳಗೆ ಕೂತರೆ ಮನಸ್ಸು ಕೆಡುತ್ತದೆ ಎಂಬ ಮಾತನ್ನು ಮಾತ್ರ ಹಿಂದಕ್ಕೆ ಪಡೆಯುವುದಿಲ್ಲ.

ತೆಂಗಿನ ನೆರಳು

ಚೆನ್ನಾಗಿದ್ದಾರೆ. ಆ ಗಾಡಿಯವಳಿಗೆ ಇವರು ಈಗ ‘ಲುಂಗ್’, ಅಂದರೆ ದೊಡ್ಡಪ್ಪ. ವಾರಕ್ಕೊಂದು ಸಲವಾದರೂ ಹೋಗಿ ಕೂರದಿದ್ದರೆ ಜಗಳವಾಡುತ್ತಾಳೆ.

ದೋಣಿಕಟ್ಟೆ

ನನ್ನ ಸಲಹೆ ಬೇರೆ. ಕಡಲೂರಿನಲ್ಲಿ ದಿನಚರಿಯನ್ನು ಗಡಿಯಾರಕ್ಕೆ ಕಟ್ಟಬೇಡಿ, ಉಬ್ಬರ ಇಳಿತಕ್ಕೆ ಕಟ್ಟಿ. ಹುವಾ ಹಿನ್‌ನಲ್ಲಿ ಭರತ ಏರಿದಾಗ ಎಷ್ಟೋ ಕಡೆ ಮರಳೇ ಇರುವುದಿಲ್ಲ, ನೀರು ಬಂದು ಗೋಡೆಗೆ ಬಡಿಯುತ್ತದೆ. ಇಳಿತದಲ್ಲಿ ಅದೇ ಜಾಗದಲ್ಲಿ ಕುದುರೆಗಳು ಓಡಾಡುವಷ್ಟು ಅಗಲ ಮರಳು. ಅದರ ಹೊತ್ತು ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಸರಿಯುತ್ತದೆ. ಥಾಯ್ ಕೊಲ್ಲಿಯಲ್ಲಿ ಕೆಲವು ದಿನ ಒಂದೇ ಭರತ, ಒಂದೇ ಇಳಿತ ಬರುವುದೂ ಉಂಟು. ಥಾಯ್ ನೌಕಾಪಡೆಯ ಜಲಮಾಪನ ಇಲಾಖೆ ವರ್ಷವರ್ಷವೂ ಪಟ್ಟಿ ಹೊರಡಿಸುತ್ತದೆ.

ನಾನು ಮಧ್ಯಾಹ್ನ ಮಾಡುವ ಕೆಲಸ ಇದೇ. ಒಂದು ನೋಟ್‌ಪುಸ್ತಕದಲ್ಲಿ ಪಟ್ಟಿಯ ಹೊತ್ತನ್ನೂ ನಾನು ಕಣ್ಣಾರೆ ಕಂಡ ಹೊತ್ತನ್ನೂ ಅಕ್ಕಪಕ್ಕ ಬರೆಯುತ್ತೇನೆ. ನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ. ಮೀನು ದೋಣಿಯವರು ಈಗ ನನ್ನನ್ನೇ ಕೇಳುತ್ತಾರೆ.

ಬಿಸಿಲುಗುದುರೆ

ಅದು ಎಲ್ಲರಿಗೂ ಹಿಡಿಸುವ ಕೆಲಸವಲ್ಲ ಬಿಡಿ.

ದೋಣಿಕಟ್ಟೆ

ಎಲ್ಲರಿಗೂ ಹಿಡಿಸಬೇಕೆಂದು ನಾನು ಹೇಳಲಿಲ್ಲ. ಪಾಳಿಯಲ್ಲಿ ದುಡಿದವರಿಗೆ ಹೊರಗಿನ ಒಂದು ಸೈರನ್ ಬೇಕಾಗುತ್ತದೆ. ಕಡಲು ಆ ಕೆಲಸವನ್ನು ಮಾಡುತ್ತದೆ ಎಂದೆ, ಅಷ್ಟೇ.

ಹಿರಿಯಕ್ಕ

ಮುಂಜಾವಿನ ನಡಿಗೆಯವರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ‘ನಾನು ನಡೆಯುತ್ತೇನೆ, ನಾನು ಮಲಗುತ್ತೇನೆ, ನಾನು ಓದಿ ಮುಗಿಸಿದೆ.’ ನಿಮ್ಮ ಮನೆಯವರು ಹನ್ನೊಂದರಿಂದ ನಾಲ್ಕರವರೆಗೆ ಏನು ಮಾಡುತ್ತಾರೆ? ಆ ಮಾತೇ ಇಲ್ಲವಲ್ಲ. ಗಂಡಸರಿಗೆ ನಿವೃತ್ತಿ ಸಿಗುತ್ತದೆ, ಅಡುಗೆಮನೆಗೆ ಸಿಗುವುದಿಲ್ಲ. ಮಧ್ಯಾಹ್ನದ ಊಟ ತಾನಾಗಿಯೇ ತಟ್ಟೆಗೆ ಬಂದು ಬೀಳುತ್ತದೆಯೇ?

ಅಲೆಮಾರಿ68

ಕೇಳಿದ್ದು ಒಂದು, ನೀವು ಹೇಳುತ್ತಿರುವುದು ಇನ್ನೊಂದು. ಪಾಪ, ಆ ಮನುಷ್ಯ ಕಷ್ಟ ತೋಡಿಕೊಂಡಿದ್ದಾರೆ.

ಹಿರಿಯಕ್ಕ

ಕಷ್ಟ ತೋಡಿಕೊಂಡದ್ದಕ್ಕೇ ಕೇಳಿದೆ. ಉತ್ತರ ಅದೇ ಮನೆಯೊಳಗೆ ಇರಬಹುದು.

ಮುಂಜಾವಿನ ನಡಿಗೆ

ಅಕ್ಕಾ, ನೀವು ಕೇಳಿದ್ದು ನ್ಯಾಯವಾಗಿದೆ. ನಿನ್ನೆ ಊಟದ ಹೊತ್ತಿನಲ್ಲಿ ಅವಳನ್ನು ಕೇಳಿದೆ. ಹದಿನಾಲ್ಕು ತಿಂಗಳಲ್ಲಿ ನಾನು ಕೇಳಿದ್ದು ಇದೇ ಮೊದಲು.

ನಮ್ಮ ಕಟ್ಟಡದ ಕೆಳಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇದೆ. ಊಟವಾದ ಮೇಲೆ ನಾನು ಮೊಬೈಲ್ ಹಿಡಿದರೆ ಇವಳು ಅಲ್ಲಿಗೆ ಇಳಿದುಹೋಗಿ ಎರಡು ಗಂಟೆ ಕೂರುತ್ತಾಳಂತೆ. ಇವಳಿಗೆ ಥಾಯ್ ಬರುವುದು ಮೂವತ್ತು ನಲವತ್ತು ಮಾತು, ಆ ಹೆಂಗಸಿಗೆ ಇಂಗ್ಲಿಷ್ ಅದಕ್ಕಿಂತ ಕಡಿಮೆ. ಇಬ್ಬರೂ ಸೇರಿ ಹಾಳೆ ಮಡಿಸುತ್ತಾರೆ, ಒಬ್ಬರಿಗೊಬ್ಬರು ಮಕ್ಕಳ ಫೋಟೋ ತೋರಿಸುತ್ತಾರೆ. ಆಕೆ ಇವಳನ್ನು ‘ಪೀ’ ಎನ್ನುತ್ತಾಳೆ. ಪೀ ಎಂದರೆ ಅಕ್ಕ ಎಂದು ನನಗೆ ತಿಳಿದದ್ದೂ ನಿನ್ನೆಯೇ. ಇವಳು ಕೆಳಗೆ ಹೋಗುವುದು ಗೊತ್ತಿತ್ತು. ಅಲ್ಲಿ ಇಷ್ಟೊಂದು ನಡೆಯುತ್ತದೆ ಎಂದು ಗೊತ್ತಿರಲಿಲ್ಲ.

ಹಿರಿಯಕ್ಕ

ಸರಿ. ನಾಳೆಯಿಂದ ಊಟದ ಪಾತ್ರೆ ನೀವು ತೊಳೆಯಿರಿ. ಐದು ಗಂಟೆಯಲ್ಲಿ ಅರ್ಧ ಗಂಟೆ ಕಡಿಮೆಯಾಯಿತು.

ಮುಂಜಾವಿನ ನಡಿಗೆ

ಇಂದಿನಿಂದಲೇ.

ಊರುಬಿಟ್ಟವನು

ಇಷ್ಟೊಂದು ಅನುಭವ ಇರುವವರು ಹತ್ತಿರದ ಶಾಲೆಯಲ್ಲಿ ವಾರಕ್ಕೆರಡು ದಿನ ಗಣಿತವನ್ನೋ ಇಂಗ್ಲಿಷನ್ನೋ ಉಚಿತವಾಗಿ ಕಲಿಸಬಹುದಲ್ಲ? ಹೊತ್ತೂ ಹೋಗುತ್ತದೆ, ಪುಣ್ಯವೂ ಬರುತ್ತದೆ.

ಹಳೆಯ ಲೆಕ್ಕಿಗ

ದಯವಿಟ್ಟು ಅವಸರಪಡಬೇಡಿ. ನಿವೃತ್ತಿಯ ಆಧಾರದ ಮೇಲೆ ವಾಸ್ತವ್ಯ ಪಡೆದವರು ಥಾಯ್ಲೆಂಡಿನಲ್ಲಿ ಉದ್ಯೋಗ ಮಾಡುವಂತಿಲ್ಲ. ಸಂಬಳವಿಲ್ಲ ಎಂದ ಮಾತ್ರಕ್ಕೆ ಅದು ಕೆಲಸವಲ್ಲ ಎಂದಾಗುವುದಿಲ್ಲ. ಸಂಸ್ಥೆಯೊಂದಕ್ಕಾಗಿ ಸ್ವಯಂಸೇವೆ ಮಾಡುವಾಗಲೂ ಕೆಲಸದ ಪರವಾನಗಿಯ ಪ್ರಶ್ನೆ ಬರುತ್ತದೆ. ಆ ಸಂಸ್ಥೆಯವರೇ ಅದನ್ನು ಮಾಡಿಸಿಕೊಟ್ಟರೆ ಸಂತೋಷ. ಇಲ್ಲದಿದ್ದರೆ ಒಳ್ಳೆಯ ಮನಸ್ಸಿನಿಂದ ಹೋಗಿ ಗಡೀಪಾರಿನವರೆಗೆ ಮುಟ್ಟಬಹುದು.

ಊರುಬಿಟ್ಟವನು

ಮಕ್ಕಳಿಗೆ ಮಗ್ಗಿ ಹೇಳಿಕೊಡುವುದಕ್ಕೂ ಪರವಾನಗಿಯೇ? ಇದು ಅತಿಯಾಯಿತು.

ಹಳೆಯ ಲೆಕ್ಕಿಗ

ಅತಿಯೋ ಮಿತಿಯೋ, ನಾವು ಅವರ ನಾಡಿನಲ್ಲಿ ಇರುವವರು. ಪಕ್ಕದ ಮನೆಯ ಮಗು ತಾನಾಗಿ ಬಂದು ಲೆಕ್ಕ ಕೇಳಿದರೆ ಅದು ಬೇರೆ ಮಾತು. ಶಾಲೆಯ ಹಲಗೆಯ ಮುಂದೆ ನಿಲ್ಲುವುದು ಬೇರೆ ಮಾತು.

ಹೊಸದಾಗಿ ಬಂದವ

ಈ ಮಾತು ಬಂದಿದ್ದರಿಂದ ಕೇಳುತ್ತಿದ್ದೇನೆ, ಕ್ಷಮಿಸಿ. ನಿವೃತ್ತಿಯ ವಾಸ್ತವ್ಯವನ್ನು ವಿಸ್ತರಿಸಿಕೊಳ್ಳಲು ಬ್ಯಾಂಕಿನಲ್ಲಿ 8 ಲಕ್ಷ ಬಾತ್ (ಥಾಯ್ ಹಣ) ವರ್ಷಪೂರ್ತಿ ಇರಲೇಬೇಕೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹಳೆಯ ಲೆಕ್ಕಿಗ

50 ತುಂಬಿದವರು ಒಂದು ವರ್ಷದ ವಿಸ್ತರಣೆ ಕೇಳುವಾಗ 8 ಲಕ್ಷ ಬಾತ್ ಥಾಯ್ ಬ್ಯಾಂಕಿನಲ್ಲಿರಬೇಕು, ಇಲ್ಲವೇ ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಬೇಕು. ಠೇವಣಿಯ ದಾರಿಯಾದರೆ ಅರ್ಜಿಗೆ ಎರಡು ತಿಂಗಳು ಮೊದಲಿನಿಂದ, ಮಂಜೂರಾದ ಮೇಲೆ ಮೂರು ತಿಂಗಳವರೆಗೆ ಪೂರ್ತಿ ಹಣ ಇರಬೇಕು. ಉಳಿದ ತಿಂಗಳುಗಳಲ್ಲಿ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ವಿಸ್ತರಣೆಯ ಶುಲ್ಕ 1,900 ಬಾತ್. ನಡುವೆ ಊರಿಗೆ ಹೋಗಿಬರುವುದಿದ್ದರೆ ಮರುಪ್ರವೇಶದ ಪರವಾನಗಿ ಮರೆಯಬೇಡಿ, ಒಂದು ಸಲಕ್ಕೆ 1,000, ಹಲವು ಸಲಕ್ಕೆ 3,800. ಅದಿಲ್ಲದೆ ವಿಮಾನ ಹತ್ತಿದರೆ ವಿಸ್ತರಣೆ ಅಲ್ಲಿಗೇ ಮುಗಿಯಿತು.

ತೆಂಗಿನ ನೆರಳು

ವಲಸೆ ಕಚೇರಿಗೆ ವಿಳಾಸ ತಿಳಿಸುವ 90 ದಿನದ ವರದಿಯನ್ನೂ ಸೇರಿಸಿ ಲೆಕ್ಕಿಗರೇ. ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದ ವಾರದಲ್ಲೇ ಅದರ ಗಡುವು ದಾಟಿ 2,000 ಬಾತ್ ದಂಡ ಕಟ್ಟಿದೆವು. ಹದಿನೈದು ದಿನ ಮೊದಲೇ ಕೊಡಬಹುದಿತ್ತು, ಗಡುವಿನ ನಂತರವೂ ಏಳು ದಿನ ಅವಕಾಶವಿತ್ತು. ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿಡುತ್ತೇನೆ.

ಹೊಸದಾಗಿ ಬಂದವ

ಮತ್ತೆ ತೆರಿಗೆ? ವರ್ಷದಲ್ಲಿ 180 ದಿನ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ, 2024ರಿಂದ ಹೊರಗಿನಿಂದ ತರುವ ಹಣಕ್ಕೂ ಲೆಕ್ಕ ಕೊಡಬೇಕು ಎನ್ನುತ್ತಾರಲ್ಲ?

ನಿರ್ವಾಹಕ

ತೆರಿಗೆಯ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಕೇಳಿ. ಇಲ್ಲಿ ಮಧ್ಯಾಹ್ನದ ಮಾತು ಮುಂದುವರಿಯಲಿ.

ಅಕ್ಷರಪ್ರೀತಿ

ನಾನು ಈ ಎಳೆಯನ್ನು ಮೂರು ದಿನದಿಂದ ಓದುತ್ತಿದ್ದೇನೆ. ಯಾರೂ ಹೇಳದ ಒಂದು ಮಾತಿದೆ. ಆ ಐದು ಗಂಟೆಯಲ್ಲಿ ಒಂದೇ ಒಂದು ಗಂಟೆ ಥಾಯ್ ಲಿಪಿಗೆ ಕೊಡಿ. ಕನ್ನಡಿಗರಿಗೆ ಇದರಲ್ಲಿ ಸಿಗುವ ಸುಖ ಇಲ್ಲಿರುವ ಯುರೋಪಿನವರಿಗೆ ಸಿಗಲಾರದು.

ಅವರ ಅಕ್ಷರಗಳು ಖ್ಮೇರ್ ಲಿಪಿಯ ಮೂಲಕ ಬಂದವು, ಅದರ ಹಿಂದೆ ದಕ್ಷಿಣ ಭಾರತದ ಪಲ್ಲವ ಲಿಪಿ ಇದೆ. ಹಾಗಾಗಿ ವರ್ಣಮಾಲೆಯ ಕ್ರಮ ನಮ್ಮದೇ. ಕ ವರ್ಗ ಮುಗಿದು ಙಕಾರ ಬರುತ್ತದೆ, ಆಮೇಲೆ ಚ ವರ್ಗ. ವ್ಯಂಜನ 44. ಪ್ರತಿಯೊಂದಕ್ಕೂ ಒಂದು ಹೆಸರಿದೆ: ‘ಕೋ ಕೈ’ ಎಂದರೆ ಕೋಳಿಯ ಕ, ‘ಖೋ ಖೈ’ ಎಂದರೆ ಮೊಟ್ಟೆಯ ಖ, ‘ಙೋ ಙೂ’ ಎಂದರೆ ಹಾವಿನ ಙ. ನಾವು ಅ ಅರಸ, ಆ ಆನೆ ಎಂದು ಕಲಿತ ಹಾಗೆಯೇ. ಮೊದಲ ದಿನ ಮಕ್ಕಳ ಪುಸ್ತಕ ತೆರೆದು ಈ ಸಾಲನ್ನು ಜೋರಾಗಿ ಓದಿದಾಗ ನನ್ನ ಕಣ್ಣು ತುಂಬಿತು. ಅರವತ್ತೊಂದನೆಯ ವಯಸ್ಸಿನಲ್ಲಿ ನಾನು ಮತ್ತೆ ಒಂದನೆಯ ತರಗತಿಯಲ್ಲಿದ್ದೆ.

ಆಮೇಲೆ ಮಾತುಗಳು. ಗುರು ಅಲ್ಲಿ ‘ಖ್ರೂ’. ಭಾಷೆ ‘ಫಾಸಾ’. ಆಹಾರ ‘ಆಹಾನ್’. ಸಮುದ್ರ ‘ಸಮುತ್’. ನಮಸ್ಕಾರಕ್ಕೆ ಹೇಳುವ ‘ಸವತ್‌ದೀ’ ನಮ್ಮ ಸ್ವಸ್ತಿಯಿಂದ ಬಂದದ್ದು. ನೀವಿರುವ ಪ್ರಾಂತದ ಹೆಸರು ಪ್ರಚುವಪ್ ಖೀರಿ ಖನ್, ಅದರ ಖೀರಿ ನಮ್ಮ ಗಿರಿ. ವಾರಗಳನ್ನು ನೋಡಿ: ಭಾನುವಾರ ‘ಆಥಿತ್’, ಆದಿತ್ಯ. ಬುಧವಾರ ‘ಫುತ್’, ಶುಕ್ರವಾರ ‘ಸುಕ್’. ಸೋಮವಾರ ‘ಚನ್’. ಬರೆಯುವಾಗ ಚಂದ್ರದ ದ, ರ ಎರಡನ್ನೂ ಬರೆಯುತ್ತಾರೆ. ಆದರೆ ಕೊನೆಯ ಅಕ್ಷರದ ತಲೆಯ ಮೇಲೆ ಸಣ್ಣದೊಂದು ಸುರುಳಿ ಇಟ್ಟು ‘ಇದನ್ನು ಉಚ್ಚರಿಸಬೇಡ’ ಎಂದು ಸೂಚಿಸುತ್ತಾರೆ. ನಾಲಿಗೆ ಬಿಟ್ಟ ಅಕ್ಷರವನ್ನು ಕೈ ಬಿಟ್ಟಿಲ್ಲ. ನನಗೆ ಇದಕ್ಕಿಂತ ಪ್ರೀತಿಯ ಚಿಹ್ನೆ ಇನ್ನೊಂದಿಲ್ಲ.

ಕಷ್ಟವೂ ಇದೆ, ಮುಚ್ಚಿಡುವುದಿಲ್ಲ. ಪದಗಳ ನಡುವೆ ಜಾಗ ಬಿಡುವುದಿಲ್ಲ. ಸ್ವರದ ಏರಿಳಿತ ಐದು ಬಗೆ. ‘ಮಾ’ ಎಂಬ ಒಂದೇ ಉಲಿ ಏರಿಳಿತ ಬದಲಾದರೆ ಬಾ ಎಂದೂ ಆಗುತ್ತದೆ, ಕುದುರೆ ಎಂದೂ ಆಗುತ್ತದೆ, ನಾಯಿ ಎಂದೂ ಆಗುತ್ತದೆ.

ಬಿಸಿಲುಗುದುರೆ

ಸಸ್ಯಾಹಾರಿಗಳಿಗೆ ಬೇಕಾದ ಮಾತನ್ನೂ ಹೇಳಿ.

ಅಕ್ಷರಪ್ರೀತಿ

‘ಮಂಗ್‌ಸವಿರತ್’. ನಿಧಾನವಾಗಿ ಹೇಳಿಕೊಳ್ಳಿ: ಮಾಂಸವಿರತಿ. ಆದರೆ ಈ ಮಾತಿನಿಂದ ಮೊಟ್ಟೆ ಹಾಲು ಬಿಟ್ಟುಹೋಗುವುದಿಲ್ಲ. ಅವೂ ಬೇಡವೆಂದರೆ ‘ಜೇ’ ಎಂದು ಕೇಳಿ. ಹಳದಿಯ ಮೇಲೆ ಕೆಂಪು ಅಕ್ಷರದ ಫಲಕ ಇರುವ ಅಂಗಡಿ. ಅಲ್ಲಿ ಬೆಳ್ಳುಳ್ಳಿ ಈರುಳ್ಳಿಯೂ ಇರುವುದಿಲ್ಲ.

ಅಲೆಮಾರಿ68

ಮೀನಿನ ರಸ ಹಾಕದ ಸಾರು ಈ ದೇಶದಲ್ಲಿ ಸಿಗುತ್ತದೆ ಎಂದು ನಾನು ನಂಬುವುದಿಲ್ಲ.

ತೆಂಗಿನ ನೆರಳು

‘ಮಾಯ್ ಸಾಯ್ ನಾಮ್ ಪ್ಲಾ’ ಎಂದು ಹೇಳಿ, ಮೀನಿನ ರಸ ಹಾಕಬೇಡಿ ಎಂದರ್ಥ. ನಗುತ್ತಲೇ ಉಪ್ಪು ಹಾಕಿ ಕೊಡುತ್ತಾರೆ. ಆದರೆ ಕುದಿಯುತ್ತಿರುವ ದೊಡ್ಡ ಪಾತ್ರೆಗೆ ಮೊದಲೇ ಹಾಕಿರುತ್ತಾರೆ, ಅದನ್ನೂ ಕೇಳಿ ತಿಳಿದುಕೊಳ್ಳಿ.

ಕಡಲಮೀಹ

ನೀವೆಲ್ಲ ನಡಿಗೆಯ ಮಾತೇ ಆಡುತ್ತಿದ್ದೀರಿ, ನೀರಿಗೆ ಇಳಿಯುವವರು ಯಾರೂ ಇಲ್ಲವೇ? ಇಳಿಯುವವರು ಒಂದು ಸೀಸೆ ವಿನೆಗರ್ ಇಟ್ಟುಕೊಳ್ಳಿ. ಥಾಯ್ ಕೊಲ್ಲಿಯಲ್ಲಿ ಕುಟುಕುವ ಪೆಟ್ಟಿಗೆ ಲೋಳೆಮೀನು (ಬಾಕ್ಸ್ ಜೆಲ್ಲಿಫಿಶ್) ಉಂಟು. ತಗುಲಿದರೆ ಕನಿಷ್ಠ 30 ಸೆಕೆಂಡ್ ವಿನೆಗರ್ ಸುರಿಯಬೇಕು. ಉಜ್ಜಬಾರದು, ಸಿಹಿನೀರಿನಲ್ಲಿ ತೊಳೆಯಬಾರದು.

ಸುಮ್ಮನೆ ಕೂತವ

ಎಲ್ಲರೂ ಆ ಐದು ಗಂಟೆಯನ್ನು ತುಂಬಿಸುವ ಮಾತನ್ನೇ ಆಡುತ್ತಿದ್ದೀರಿ. ಖಾಲಿ ಇದ್ದರೆ ಏನು ನಷ್ಟ? ನಲವತ್ತು ವರ್ಷ ಒಂದು ನಿಮಿಷವೂ ನಮ್ಮದಾಗಿರಲಿಲ್ಲ. ನಾನು ಮಧ್ಯಾಹ್ನ ಬಾಲ್ಕನಿಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಎದುರಿನ ತೆಂಗಿನ ಮರದಲ್ಲಿ ಒಂದು ಗರಿ ಹಳದಿಗೆ ತಿರುಗಿ, ಜೋತು, ಕಳಚಿ ಬೀಳುವವರೆಗೆ ನೋಡಿದ್ದೇನೆ. ಅಕ್ಟೋಬರ್ ಮಳೆ ಬಂದರೆ ಅದನ್ನು ನೋಡುತ್ತೇನೆ. ನನಗೆ ಯಾವ ನೋಟ್‌ಪುಸ್ತಕವೂ ಬೇಡ, ವರ್ಣಮಾಲೆಯೂ ಬೇಡ.

ದೋಣಿಕಟ್ಟೆ

ನಿಮಗೆ ಅದು ಒಗ್ಗಿದೆ. ಅವರಿಗೆ ಒಗ್ಗದೆ ಕೇಳಿದ್ದಾರೆ. ಮೈಗೆ ಒಗ್ಗದ ಸುಮ್ಮನಿರುವಿಕೆ ರೋಗವಾಗುತ್ತದೆ.

ಸುಮ್ಮನೆ ಕೂತವ

ಒಗ್ಗಿಸಿಕೊಳ್ಳಬೇಕು. ನನಗೂ ಎರಡು ವರ್ಷ ಬೇಕಾಯಿತು. ಹದಿನಾಲ್ಕು ತಿಂಗಳಿಗೆ ಬಂದದ್ದೇ ತಪ್ಪು ಎಂದುಕೊಂಡರೆ ಹೇಗೆ?

ಹಿರಿಯಕ್ಕ

ಗಂಟೆಗಟ್ಟಲೆ ಬಾಲ್ಕನಿಯಲ್ಲಿ ಕೂರುವಾಗ ಚಹಾ ಯಾರು ತಂದುಕೊಡುತ್ತಾರೆ?

ಸುಮ್ಮನೆ ಕೂತವ

ನಾನೇ ಮಾಡಿಕೊಳ್ಳುತ್ತೇನೆ ಅಕ್ಕಾ. ಒಬ್ಬನೇ ಇರುವವನು.

ಹಿರಿಯಕ್ಕ

ತಪ್ಪಾಯಿತು. ಕ್ಷಮಿಸಿ.

ಗಾಳಿಮರ

ನಾನೂ ಒಬ್ಬನೇ. ಹೆಂಡತಿ ಹೋಗಿ ಹದಿನೇಳು ತಿಂಗಳಾಯಿತು. ಎಲ್ಲರೂ ಊರಿಗೆ ಬಂದುಬಿಡು ಎಂದರು. ಅವಳು ಕೊನೆಯ ಆರು ವರ್ಷ ಇದ್ದದ್ದು ಈ ಮನೆಯಲ್ಲಿ, ಬಿಟ್ಟುಹೋಗಲು ಮನಸ್ಸಾಗಲಿಲ್ಲ.

ನನ್ನ ಮಧ್ಯಾಹ್ನದ ಕೆಲಸ ಹೇಳುತ್ತೇನೆ. ಇಲ್ಲಿಗೂ ನಮ್ಮೂರಿಗೂ ಒಂದೂವರೆ ಗಂಟೆ ಅಂತರ. ಮೊಮ್ಮಗಳು ಶಾಲೆಯಿಂದ ಮೂರೂವರೆಗೆ ಬರುತ್ತಾಳೆ, ನನಗೆ ಆಗ ಐದು. ಐದಕ್ಕೆ ಫೋನಿನಲ್ಲಿ ಅವಳಿಗೆ ಕನ್ನಡ ಪಾಠ ಓದಿಸುತ್ತೇನೆ. ಅವಳ ಮೂರನೆಯ ತರಗತಿಯ ಪಠ್ಯಪುಸ್ತಕದ ಒಂದು ಪ್ರತಿ ನನ್ನ ಬಳಿಯೂ ಇದೆ. ಊಟವಾದ ಮೇಲೆ ನಾನು ಅಂದಿನ ಪಾಠವನ್ನು ಮೊದಲೇ ಓದಿ, ಅವಳು ಎಲ್ಲಿ ಎಡವಬಹುದು ಎಂದು ಪೆನ್ಸಿಲ್‌ನಲ್ಲಿ ಗೆರೆ ಹಾಕಿಡುತ್ತೇನೆ. ಒತ್ತಕ್ಷರ ಬಂದಲ್ಲೆಲ್ಲ ಒಂದು ಚುಕ್ಕೆ. ಐದು ಗಂಟೆಯ ಕರೆ ಇಪ್ಪತ್ತು ನಿಮಿಷದ್ದು. ಅದಕ್ಕೆ ತಯಾರಾಗಲು ಮಧ್ಯಾಹ್ನ ಪೂರ್ತಿ ಬೇಕು. ಎಡವುವ ಜಾಗವನ್ನು ನಾನು ಸರಿಯಾಗಿ ಊಹಿಸಿದ ದಿನ ಬಹಳ ಸಂತೋಷವಾಗುತ್ತದೆ. ಅವಳು ಅಲ್ಲಿ ಎಡವದೆ ದಾಟಿದ ದಿನ ಇನ್ನೂ ಹೆಚ್ಚು.

ಅಲೆಮಾರಿ68

ಸರ್, ನಿಮಗೆ ನಮಸ್ಕಾರ. ನನ್ನ ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಈ ಸಂಜೆಯೇ ಮಗನಿಗೆ ಫೋನ್ ಮಾಡುತ್ತೇನೆ.

ತೆಂಗಿನ ನೆರಳು

ಗಾಳಿಮರ ಅವರೇ, ನೀವು ಯಾವ ಊರಿನಲ್ಲಿದ್ದೀರಿ? ಹತ್ತಿರವಿದ್ದರೆ ಹಬ್ಬದ ಊಟಕ್ಕೆ ನಮ್ಮ ಮನೆಗೆ ಬನ್ನಿ. ಇದನ್ನು ಬರಿಯ ಬಾಯಿಮಾತಿಗೆ ಹೇಳುತ್ತಿಲ್ಲ.

ಗಾಳಿಮರ

ಚಾ ಆಮ್‌ನಲ್ಲಿ. ಹುವಾ ಹಿನ್‌ನಿಂದ ಉತ್ತರಕ್ಕೆ ಅರ್ಧ ಗಂಟೆಯ ದಾರಿ. ಬರುತ್ತೇನೆ ತಾಯಿ.

ಮುಂಜಾವಿನ ನಡಿಗೆ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಉತ್ತರಿಸಿದ ಎಲ್ಲರಿಗೂ ಋಣಿ. ನಡೆದದ್ದನ್ನು ಹೇಳುತ್ತೇನೆ.

ಹತ್ತೂವರೆಗೆ ಒಳಗೆ ಸೇರುತ್ತೇನೆ, ಲೆಕ್ಕಿಗರ ಮಾತಿನಂತೆ. ಪಾತ್ರೆ ತೊಳೆಯುತ್ತೇನೆ. ಒಂದೂವರೆಗೆ ನಾನೂ ಕೆಳಗಿನ ಅಂಗಡಿಗೆ ಇಳಿಯುತ್ತೇನೆ. ಮೊದಲೆರಡು ದಿನ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದೆ. ಮೂರನೆಯ ದಿನ ಇಸ್ತ್ರಿಪೆಟ್ಟಿಗೆಯ ತಂತಿ ಬಿಸಿಯಾಗಿ ಸುಟ್ಟ ವಾಸನೆ ಬಂತು. ಕಾರ್ಖಾನೆಯಲ್ಲಿ ನಾನು ವಿದ್ಯುತ್ ವಿಭಾಗದವನು, ಪ್ಲಗ್ ತೆಗೆದು ಸಡಿಲವಾಗಿದ್ದ ತಿರುಪು ತೋರಿಸಿದೆ. ಲೆಕ್ಕಿಗರೇ, ಗಾಬರಿಯಾಗಬೇಡಿ. ತೋರಿಸಿದ್ದಷ್ಟೇ, ತಿರುಪು ಬಿಗಿ ಮಾಡಿದ್ದು ಆಕೆಯೇ. ಅಂದಿನಿಂದ ನಾನು ‘ಲುಂಗ್’ ಆಗಿದ್ದೇನೆ.

ಆಕೆಯ ಮಗಳು ಬಿಟ್ಟುಹೋದ ಮಕ್ಕಳ ಪುಸ್ತಕವೊಂದು ಅಂಗಡಿಯಲ್ಲೇ ಇತ್ತು. ಈಗ ಅದು ನನ್ನ ಕೈಯಲ್ಲಿದೆ. ಕೋ ಕೈ, ಖೋ ಖೈ. ನಾನು ತಪ್ಪು ಏರಿಳಿತದಲ್ಲಿ ಹೇಳಿದರೆ ಆಕೆ ಇಸ್ತ್ರಿ ನಿಲ್ಲಿಸಿ ತಲೆಯಾಡಿಸುತ್ತಾಳೆ, ಸರಿ ಹೇಳಿದರೆ ಇಸ್ತ್ರಿ ಮುಂದುವರಿಯುತ್ತದೆ.

ಮೊನ್ನೆ ಸಂಜೆ ಹಳೆಯ ರೈಲು ನಿಲ್ದಾಣಕ್ಕೆ ಹೋಗಿದ್ದೆವು, ಮರದ ಆ ಕೆಂಪು ಬಿಳಿ ಕಟ್ಟಡಕ್ಕೆ. 2023ರ ಡಿಸೆಂಬರ್‌ನಿಂದ ರೈಲುಗಳೆಲ್ಲ ಪಕ್ಕದ ಎತ್ತರದ ಹೊಸ ನಿಲ್ದಾಣಕ್ಕೆ ಬರುತ್ತವೆ, ಹಳೆಯದು ಹಾಗೆಯೇ ನಿಂತಿದೆ. ಅಲ್ಲಿನ ಹೆಸರಿನ ಹಲಗೆಯನ್ನು ನಾನು ಹದಿನಾಲ್ಕು ತಿಂಗಳಲ್ಲಿ ಎಷ್ಟು ಸಲ ನೋಡಿದ್ದೇನೋ. ಈ ಸಲ ಎರಡು ಕಡೆ ಒಂದೇ ಅಕ್ಷರ ಇರುವುದು ಕಂಡಿತು. ಹ. ಮತ್ತೆ ಹ. ಕೊನೆಯಲ್ಲಿ ನ. ಹುವಾ ಹಿನ್. ಹುವಾ ಎಂದರೆ ತಲೆ, ಹಿನ್ ಎಂದರೆ ಕಲ್ಲು ಎಂದು ಹೆಂಡತಿಗೆ ಹೇಳಿದೆ. ಅವಳಿಗೆ ಅದು ಮೊದಲೇ ಗೊತ್ತಿತ್ತು.

ಮಧ್ಯಾಹ್ನ ಈಗಲೂ ಉದ್ದವೇ. ಮೂರು ಗಂಟೆಯ ಸುಮಾರಿಗೆ ಒಂದು ಘಳಿಗೆ ಹಳೆಯ ಕಸಿವಿಸಿ ಬರುತ್ತದೆ. ಆಗ ‘ಸುಮ್ಮನೆ ಕೂತವ’ ಅವರ ಮಾತು ನೆನೆದು ಬಾಲ್ಕನಿಯಲ್ಲಿ ಕೂರುತ್ತೇನೆ. ಅದು ಇನ್ನೂ ನನ್ನಿಂದ ಹತ್ತು ನಿಮಿಷಕ್ಕಿಂತ ಹೆಚ್ಚು ಆಗಿಲ್ಲ.

ಸುಮ್ಮನೆ ಕೂತವ

ಹತ್ತು ನಿಮಿಷ ಒಳ್ಳೆಯ ಆರಂಭ.

ಅಕ್ಷರಪ್ರೀತಿ

ಹಲಗೆ ಓದಿದ್ದು ಕೇಳಿ ಬಹಳ ಖುಷಿಯಾಯಿತು! ಮುಂದೆ ಔಷಧಿ ಅಂಗಡಿಯ ಹಲಗೆ ಓದಿ ನೋಡಿ. ‘ಯಾ’ ಎಂದರೆ ಔಷಧಿ. ಎರಡೇ ಅಕ್ಷರ.

ದೋಣಿಕಟ್ಟೆ

ನೀವು ಇಲ್ಲಿಯೇ ಇರುವವರು ಎಂದಾಯಿತು. ನಾಳೆ ಬೆಳಗಿನ ಜಾವ ಇಳಿತ, ಆರು ಗಂಟೆಗೆ ಮರಳು ಅಗಲವಾಗಿರುತ್ತದೆ. ಮೀನು ದೋಣಿಗಳ ಕಟ್ಟೆಯ ಬಳಿ ಇರುತ್ತೇನೆ, ಕೈಯಲ್ಲಿ ನೀಲಿ ರಟ್ಟಿನ ನೋಟ್‌ಪುಸ್ತಕ.

ಮುಂಜಾವಿನ ನಡಿಗೆ

ಇಬ್ಬರೂ ಬರುತ್ತೇವೆ. ಐದೂ ಮುಕ್ಕಾಲಿಗೇ.